ಅಳತೆಗಿಂತ ಹೆಚ್ಚಿದ್ದ ಆಯಿಲ್

ಆಂಬ್ಯುಲೆನ್ಸನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದು ಹಿನಕಲ್ ಪಕ್ಕದ ನಮ್ಮ ಶೆಡ್ಡಿನಲ್ಲಿ ನಿಲ್ಲಿಸಿದಾಗ ಅದರ ಮುಂದಿನ ಗಾಜು ಒಡೆದು ಬಲೆಯಂತೆ ಜೋತುಬಿದ್ದಿತ್ತು. ಒಳಗೆ ಸ್ಟ್ರೆಚರಿನ ಹಾಸಿಗೆಯನ್ನು ಯಾರೋ ತೆಗೆದಿದ್ದರು. ನೆಲದ ಮೇಲಿನ ರಕ್ತವನ್ನು ಮಾತ್ರ ಯಾರೂ ತೊಳೆದಿರಲಿಲ್ಲ. ಪೊಲೀಸರು ಫೋಟೊ ತೆಗೆಯುವ ತನಕ ಮುಟ್ಟಬೇಡಿ ಅಂದಿದ್ದರಂತೆ. ತೆಗೆದಾಗಿತ್ತು. ನಾನೇ ಬಕೆಟ್ಟಿನಲ್ಲಿ ನೀರು ತಂದು ತೊಳೆದೆ. ಆಮೇಲೆ ಬಾನೆಟ್ ಎತ್ತಿದೆ.

ನಮ್ಮದು ಮೂರು ಆಂಬ್ಯುಲೆನ್ಸ್ ಇರುವ ಒಂದು ಸಣ್ಣ ಧರ್ಮಾರ್ಥ ಟ್ರಸ್ಟ್. ಆ ಗಾಡಿಗಳ ರಿಪೇರಿ, ಸರ್ವೀಸು ಎರಡೂ ನನ್ನ ಉಸ್ತುವಾರಿ. ಹಿಂದಿನ ದಿನ ಮಧ್ಯಾಹ್ನ ಈ ಗಾಡಿ ನಂಜನಗೂಡಿನ ಕಡೆಯಿಂದ ಒಬ್ಬ ಬಾಣಂತಿಯನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ತರುತ್ತಿತ್ತು. ಹೆರಿಗೆಯಾದ ಮೇಲೆ ರಕ್ತ ನಿಂತಿರಲಿಲ್ಲ. ಕಡಕೊಳ ದಾಟುತ್ತಿದ್ದಂತೆ ಎಂಜಿನ್ನಿನಲ್ಲಿ ಸುತ್ತಿಗೆಯಿಂದ ಬಡಿದಂತೆ ಸದ್ದಾಯಿತು, ಎಂಜಿನ್ ತಿರುಗದಂತೆ ಹಿಡಿದುಕೊಂಡು ಗಾಡಿ ರಸ್ತೆಯಲ್ಲೇ ನಿಂತಿತು. ಬೇರೆ ಗಾಡಿ ಬಂದು ಅವರನ್ನು ಬದಲಿಸಿಕೊಳ್ಳುವ ಹೊತ್ತಿಗೆ ಆಕೆ ತೀರಿಕೊಂಡಿದ್ದರು. ಹಿಂದೆ ಬೈಕುಗಳಲ್ಲಿ ಬರುತ್ತಿದ್ದ ಗಂಡ ಮತ್ತು ನೆಂಟರು ಗಾಜು ಒಡೆದು ಚಾಲಕನನ್ನು ಕೆಳಗೆಳೆದು ಹೊಡೆದರು. ಅವನ ಬಲಗೈ ಮುರಿಯಿತು.

ಮರುದಿನ ಬೆಳಿಗ್ಗೆಗೆಲ್ಲ ಒಂದು ಮಾತು ಊರೆಲ್ಲ ಓಡಾಡಿತ್ತು: ಡ್ರೈವರ್ ಆಯಿಲ್ ನೋಡದೆ ಗಾಡಿ ಓಡಿಸಿದ್ದಾನೆ. ಎಂಜಿನ್ ಹಿಡಿದುಕೊಂಡರೆ ಯಾರಿಗಾದರೂ ಮೊದಲು ಬರುವ ಅನುಮಾನ ಅದೇ. ಪೊಲೀಸರು ನಿರ್ಲಕ್ಷ್ಯ ಎಂದು ಕೇಸು ಬರೆದುಕೊಂಡರು. ನಮ್ಮ ಟ್ರಸ್ಟಿನ ಕಾರ್ಯದರ್ಶಿಗಳು ನನಗೆ ಫೋನ್ ಮಾಡಿ, "ನೋಡಮ್ಮ, ಏನಾಗಿದೆ ಅಂತ ಬಿಚ್ಚಿ ನೋಡಿ ಒಂದು ವರದಿ ಕೊಡಿ. ಅವನು ಆಯಿಲ್ ನೋಡಿಲ್ಲ ಅಂತಲೇ ಇದ್ರೆ ಹಾಗೇ ಬರೀರಿ" ಅಂದರು. ಅವರು ಒಂಟಿಕೊಪ್ಪಲಿನವರು, ನಿವೃತ್ತ ಅಧ್ಯಾಪಕರು. ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ.

ಡಿಪ್‌ಸ್ಟಿಕ್ ಎಳೆದೆ. ಎಂಜಿನ್ನಿನ ತಳದಲ್ಲಿ ಆಯಿಲ್ ಎಷ್ಟಿದೆ ಎಂದು ತೋರಿಸುವ ಉದ್ದನೆಯ ಕಡ್ಡಿ ಅದು. ಕೆಳಗೊಂದು ಗೆರೆ, ಮೇಲೊಂದು ಗೆರೆ. ಆಯಿಲ್ ಅವೆರಡರ ನಡುವೆ ಇರಬೇಕು. ಇಲ್ಲಿ ಅದು ಮೇಲಿನ ಗೆರೆಯನ್ನೂ ದಾಟಿ ಎರಡು ಬೆರಳು ಎತ್ತರಕ್ಕೆ ಹತ್ತಿತ್ತು. ಒರೆಸಿ ಮತ್ತೆ ಅದ್ದಿದೆ. ಹಾಗೇ ಬಂತು. ಆಯಿಲ್ ಕಡಿಮೆಯಾಗಿ ಎಂಜಿನ್ ಹೋಗಿದೆ ಎನ್ನುವ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಶೆಡ್ಡಿನ ಹಿರಿಯ ಮೆಕ್ಯಾನಿಕ್ ಬಂದು ಕಡ್ಡಿಯ ತುದಿಯನ್ನು ಬೆರಳಲ್ಲಿ ಸವರಿ ಉಜ್ಜಿದರು. "ನೋಡಿ ಮೇಡಂ, ನೀರ್ ತರ ಐತೆ. ನಾನ್ ಯಾವತ್ತಿಂದ ಬಡ್ಕೋತಾ ಇವ್ನಿ? ಈ ತೆಳು ಆಯಿಲ್ ನಮ್ ಬಿಸ್ಲಿಗೆ ಆಗಲ್ಲ ಕಣ್ರೀ. ಇದು ಫಾರಿನ್ನಿನ ಚಳಿಗೆ ಮಾಡಿರೋದು. ಹಳೇ ಗಾಡಿಗಳಿಗೆಲ್ಲ ಗಟ್ಟಿ ಆಯಿಲ್ ಆಕ್ತಿದ್ವಿ, ಒಂದಾದ್ರೂ ಇಂಗೆ ಇಡ್ಕೊಂಡಿತ್ತಾ?"

ಆಯಿಲನ್ನು ಹುಷಾರಾಗಿ ಶುದ್ಧ ಬಾಟಲಿಗೆ ಇಳಿಸಿ ಎಂದು ಹೇಳಿ ನಾನು ಪೊಲೀಸ್ ಠಾಣೆಗೆ ಹೋದೆ. ವಾಪಸ್ಸು ಬರುವಷ್ಟರಲ್ಲಿ ಅವರು ಅದನ್ನು ಎಂದಿನಂತೆ ಶೆಡ್ಡಿನ ಹಳೆಯ ಟ್ರೇಗೆ ಇಳಿಸಿಬಿಟ್ಟಿದ್ದರು. ಅದೇ ಟ್ರೇಯಲ್ಲಿ ಮೊದಲೇ ಯಾವುದೋ ಗಾಡಿಯ ಎಂಜಿನ್ ತಂಪಿಡುವ ಕೂಲೆಂಟ್ ನೀರು, ಡೀಸೆಲಿನಲ್ಲಿ ತೊಳೆದ ನಟ್ಟು ಬೋಲ್ಟುಗಳ ಕೊಳೆ ಎಲ್ಲ ಇತ್ತು. ನನಗೆ ಅಳು ಬರುವಂತಾಯಿತು. ಅವರ ಮೇಲೆ ಕೂಗಾಡಿ ಪ್ರಯೋಜನವಿರಲಿಲ್ಲ. ಇಡೀ ಜೀವಮಾನ ಹಾಗೇ ಇಳಿಸಿದವರು ಅವರು.

ತಳ ಬಿಚ್ಚಿದೆವು. ಎಂಜಿನ್ನಿನ ತಿರುಗುವ ಮುಖ್ಯ ಅಚ್ಚಾದ ಕ್ರ್ಯಾಂಕ್ ಶಾಫ್ಟನ್ನು ಹೊರುವ ಬೇರಿಂಗುಗಳ ಬೆಳ್ಳಿಯಂಥ ಮೇಲ್ಪದರ ಉಜ್ಜಿಹೋಗಿ ಒಳಗಿನ ತಾಮ್ರ ಕಾಣುತ್ತಿತ್ತು. ಒಂದು ಬೇರಿಂಗ್ ತನ್ನ ಜಾಗದಲ್ಲೇ ತಿರುಗಿ, ಆಯಿಲ್ ಬರುವ ತೂತನ್ನು ತಾನೇ ಮುಚ್ಚಿಕೊಂಡು, ಕಪ್ಪಾಗಿ ಬೆಂದುಹೋಗಿತ್ತು. ಆಯಿಲ್ ತುಂಬಿ ತುಳುಕುತ್ತಿದ್ದ ಎಂಜಿನ್ನು ಆಯಿಲ್ ಇಲ್ಲದ ಎಂಜಿನ್ನಿನಂತೆ ಸತ್ತಿತ್ತು.

ಆ ಸಂಜೆ ಅಶೋಕಪುರಂಗೆ ಹೋಗಿ ಚಾಲಕನನ್ನು ನೋಡಿದೆ. ಕೈಗೆ ಪ್ಲಾಸ್ಟರ್, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಅವನ ತಾಯಿ ನನಗೆ ಕುರ್ಚಿ ಹಾಕಿ ಬಾಗಿಲಲ್ಲೇ ನಿಂತರು. ಪೊಲೀಸರು ಮತ್ತೆ ಬರುತ್ತಾರಾ ಎಂಬುದೊಂದನ್ನೇ ಅವರು ಕೇಳಿದ್ದು.

"ಆಯಿಲ್ ನೋಡಿದ್ಯಾಪ್ಪ?" ಅಂದೆ.

"ದಿನಾ ನೋಡ್ತೀನಿ ಮೇಡಂ. ಕಡ್ಮೆ ಆಗಿರ್ಲಿಲ್ಲ, ಜಾಸ್ತಿ ಆಗಿತ್ತು. ಮೆಕ್ಯಾನಿಕ್‌ಗೂ ಹೇಳಿದ್ದೆ. ‘ಆಯಿಲ್ ಮರಿ ಆಕೈತೇನೋ?’ ಅಂತ ನಕ್ಬುಟ್ರು. ಸ್ಟ್ಯಾಂಡಲ್ಲಿ ನಿಂತಾಗ ಆಯಿಲ್ ಲೈಟು ಮಿಣಿಮಿಣಿ ಅಂತಿತ್ತು, ಎಕ್ಸಲೇಟರ್ ಕೊಟ್ರೆ ಹೋಗ್ತಿತ್ತು. ಅವತ್ತು ದಾರೀಲಿ ಎಂಗೆ ನಿಲ್ಲಿಸ್ಲಿ ಹೇಳಿ? ಹಿಂದುಗಡೆ ಆಯಮ್ಮ ನೀರು ನೀರು ಅಂತಿತ್ತು."

ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ. ಇನ್ನೇನೋ ಅದರೊಳಗೆ ಸೇರುತ್ತಿರಬೇಕು. ಕೂಲೆಂಟ್ ನೀರು ಸೇರಿದರೆ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಾಣುತ್ತದೆ. ಇದು ಕಪ್ಪಗೇ ಇತ್ತು. ಉಳಿದದ್ದು ಡೀಸೆಲ್.

ಮರುದಿನ ಕಾರ್ಯದರ್ಶಿಗಳು ಶೆಡ್ಡಿಗೇ ಬಂದರು. ಅಷ್ಟರಲ್ಲಿ ಮೆಕ್ಯಾನಿಕ್ಕಿನ ಮಾತು ಅವರನ್ನು ತಲುಪಿತ್ತು. ಉಳಿದೆರಡು ಗಾಡಿಗೂ ಇವತ್ತೇ 20W-50 ಹಾಕಿಸಿಬಿಡೋಣ, ಗಟ್ಟಿ ಆಯಿಲ್ ಇದ್ದರೆ ಎಲ್ಲರಿಗೂ ಧೈರ್ಯ ಎಂದರು. ನಾನು ಎರಡು ಡಬ್ಬಗಳನ್ನು ಅವರ ಮುಂದೆ ಇಟ್ಟೆ, ನಮ್ಮ ಗಾಡಿಗೆ ಕಂಪನಿ ಹೇಳಿದ 5W-30 ಒಂದು, ಮೆಕ್ಯಾನಿಕ್ ಹೇಳುವ 20W-50 ಇನ್ನೊಂದು.

"ಸರ್, ಈ W ಅಂದ್ರೆ ಚಳಿಗಾಲ. ಅದರ ಹಿಂದಿನ ಅಂಕಿ ತಣ್ಣಗಿರೋ ಎಂಜಿನ್ ಶುರುವಾಗೋವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದಕ್ಕೆ. ಸಣ್ಣದಿದ್ದಷ್ಟೂ ಬೇಗ ಹರಿಯುತ್ತೆ. ಮುಂದಿನ ಅಂಕಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ನೂರು ಡಿಗ್ರಿಯಲ್ಲಿ, ಅದು ಎಷ್ಟು ಮಂದವಾಗಿ ಉಳಿಯುತ್ತೆ ಅನ್ನೋದು. ನಮ್ಮ ಊರ ಬಿಸಿಲು ಮೂವತ್ತೈದಿರಲಿ, ನಲವತ್ತಿರಲಿ, ಒಳಗೆ ಎಂಜಿನ್ ನೂರರಲ್ಲೇ ಕೆಲಸ ಮಾಡೋದು. ಆ ನೂರಕ್ಕೆ ಮೂವತ್ತರ ಮಂದ ಸಾಕು ಅಂತಲೇ ಈ ಬೇರಿಂಗುಗಳ ಸಂದು ಇಟ್ಟಿದ್ದಾರೆ."

"ಮತ್ತೆ ಯಾಕೆ ನೀರಾಯ್ತು?"

"ಅದನ್ನೇ ನೋಡಬೇಕು. ಆದ್ರೆ ಈ ಐವತ್ತನ್ನ ಮಾತ್ರ ಹಾಕಬೇಡಿ. ಹೊಸ ಗಾಡಿಗಳ ಸೈಲೆನ್ಸರಿನಲ್ಲಿ ಹೊಗೆಯ ಮಸಿ ಹಿಡಿಯೋ ಒಂದು ಜಾಲರಿ ಇದೆ. ಈ ಡಬ್ಬದ ಆಯಿಲ್ ಉರಿದ್ರೆ ಬೂದಿ ಜಾಸ್ತಿ, ಆ ಜಾಲರಿ ಕಟ್ಟಿಹೋಗುತ್ತೆ."

ಮೆಕ್ಯಾನಿಕ್ ಕೈ ಒರೆಸಿಕೊಂಡರು. ಕಾರ್ಯದರ್ಶಿಗಳು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ, ಎರಡು ದಿನ ಕೊಡುತ್ತೇನೆ ಎಂದರು.

ಊರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಇಂಧನ, ಆಯಿಲ್ ಪರೀಕ್ಷಿಸುವ ಉಪಕರಣಗಳಿದ್ದವು. ಟ್ರೇಯಿಂದ ತುಂಬಿಕೊಂಡು ಹೋದ ಬಾಟಲಿಯನ್ನು ಅಲ್ಲಿನ ಅಧ್ಯಾಪಕಿ ಬೆಳಕಿಗೆ ಹಿಡಿದು ನೋಡಿ ಹಿಂದಕ್ಕೆ ಕೊಟ್ಟರು. "ತಳದಲ್ಲಿ ನೀರು ಕೂತಿದೆ. ಇದರಲ್ಲಿ ಏನು ಸಿಕ್ಕರೂ ಅದು ಎಂಜಿನ್ನಿನದಾ, ನಿಮ್ಮ ಟ್ರೇದಾ ಅಂತ ಯಾರಾದರೂ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರಲ್ಲ" ಅಂದರು. ಅವರು ಹೇಳಿದ್ದು ಸರಿಯಾಗಿತ್ತು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಫಿಲ್ಟರ್ ನೆನಪಾಯಿತು. ಆಯಿಲ್ ಫಿಲ್ಟರನ್ನು ನಾವು ಇನ್ನೂ ಬಿಚ್ಚಿರಲಿಲ್ಲ. ತಳ ಖಾಲಿಯಾದರೂ ಫಿಲ್ಟರಿನ ತಗಡಿನ ಡಬ್ಬಿಯೊಳಗೆ ಒಂದು ಲೋಟದಷ್ಟು ಆಯಿಲ್ ಉಳಿದೇ ಇರುತ್ತದೆ. ಶೆಡ್ಡಿಗೆ ಹೋದವಳೇ ಪೊಲೀಸರನ್ನು ಕರೆಸಿ, ಅವರ ಎದುರಿಗೆ ಫಿಲ್ಟರ್ ಕಳಚಿ, ಒಳಗಿದ್ದುದನ್ನು ಹೊಸ ಗಾಜಿನ ಬಾಟಲಿಗೆ ಸುರಿದು ಸೀಲು ಹಾಕಿಸಿದೆ. ಓಡುತ್ತಿದ್ದ ಎರಡು ಗಾಡಿಗಳ ಆಯಿಲನ್ನೂ ಡಿಪ್‌ಸ್ಟಿಕ್ಕಿನ ಕೊಳವೆಗೆ ಸಣ್ಣ ಟ್ಯೂಬು ಇಳಿಬಿಟ್ಟು ಎಳೆದುಕೊಂಡೆ. ಜೊತೆಗೆ ಡಬ್ಬದಿಂದ ಹೊಸ ಆಯಿಲ್ ತುಂಬಿಕೊಂಡು ಮತ್ತೆ ಕಾಲೇಜಿಗೆ ಹೋದೆ.

ಪರೀಕ್ಷೆ ನೋಡುವುದಕ್ಕೆ ಬಹಳ ಸರಳ. ತಳದಲ್ಲಿ ಸಣ್ಣ ತೂತಿರುವ ಬಟ್ಟಲಿಗೆ ಆಯಿಲ್ ಹಾಕಿ, ಸುತ್ತ ಬಿಸಿನೀರಿನಲ್ಲಿ ಕಾಯಿಸಿ, ತೂತಿನ ಮೇಲಿನ ಗುಂಡನ್ನು ಎತ್ತಬೇಕು. ಕೆಳಗಿಟ್ಟ ಗಾಜಿನ ಸೀಸೆ ಗುರುತಿನ ತನಕ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯಬೇಕು. ಹೊಸ ಆಯಿಲ್ ಜೇನಿನ ಎಳೆಯಂತೆ ಒಂದೇ ಸಮನೆ ಇಳಿಯಿತು. ಫಿಲ್ಟರಿನದನ್ನು ಹಾಕಿ ಗುಂಡು ಎತ್ತಿದಾಗ ಅದು ಸರ್ರನೆ ಬಿತ್ತು. ಅಧ್ಯಾಪಕಿ ಮತ್ತೆ ಮಾಡಿದರು, ಮತ್ತೊಮ್ಮೆ ಮಾಡಿದರು. ಲೆಕ್ಕ ಹಾಕಿ ಹೇಳಿದರು: "ಮೂವತ್ತರ ಗ್ರೇಡು ಅನ್ನಿಸಿಕೊಳ್ಳೋಕೆ ಇರಬೇಕಾದ ಕನಿಷ್ಠ ಮಂದವೂ ಇದಕ್ಕಿಲ್ಲ. ಇಪ್ಪತ್ತರ ಗ್ರೇಡಿಗಿಂತಲೂ ಕೆಳಗೆ ಹೋಗಿದೆ."

ಆಮೇಲೆ ಅದನ್ನು ಮುಚ್ಚಿದ ಬಟ್ಟಲಲ್ಲಿ ಕಾಯಿಸುತ್ತ, ಆಗಾಗ ಕಿಂಡಿ ತೆರೆದು ಸಣ್ಣ ಜ್ವಾಲೆ ತೋರಿಸಿದರು. ಹೊಸ ಆಯಿಲಿನ ಆವಿಗೆ ಬೆಂಕಿ ತಗಲಲು ಇನ್ನೂರು ಡಿಗ್ರಿ ದಾಟಬೇಕು. ಇದು ನೂರಿಪ್ಪತ್ತರ ಆಸುಪಾಸಿನಲ್ಲೇ ನೀಲಿಯಾಗಿ ಹತ್ತಿಕೊಂಡಿತು. ಡೀಸೆಲ್ ಬೆರೆತಿದೆ ಎನ್ನಲು ಇನ್ನೇನೂ ಬೇಕಿರಲಿಲ್ಲ. ಉಳಿದೆರಡು ಗಾಡಿಗಳ ಆಯಿಲ್? ಇದರಷ್ಟು ಕೆಟ್ಟಿರಲಿಲ್ಲ. ಆದರೆ ಎರಡೂ ಅದೇ ದಾರಿಯಲ್ಲಿದ್ದವು.

ಡೀಸೆಲ್ ಎಲ್ಲಿಂದ ಬಂತು? ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಪರೀಕ್ಷೆ ಮಾಡಿಸಿದೆ, ಯಾವುದೂ ಸೋರುತ್ತಿರಲಿಲ್ಲ. ಗಾಡಿಯ ಕಂಪ್ಯೂಟರಿಗೆ ಉಪಕರಣ ಜೋಡಿಸಿ ನೋಡಿದಾಗ ಗೊತ್ತಾಯಿತು. ಸೈಲೆನ್ಸರಿನ ಜಾಲರಿಯಲ್ಲಿ ಮಸಿ ತುಂಬಿದಾಗ ಗಾಡಿ ತಾನಾಗಿ ಒಂದಿಷ್ಟು ಹೆಚ್ಚಿನ ಡೀಸೆಲ್ ಬಿಟ್ಟು, ಆ ಶಾಖದಲ್ಲಿ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಅದಕ್ಕೆ ಗಾಡಿ ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಬೇಕು. ನಮ್ಮ ಗಾಡಿಗಳು ಸುಡಲು ಶುರು ಮಾಡುತ್ತಿದ್ದವು, ಅರ್ಧಕ್ಕೇ ನಿಲ್ಲುತ್ತಿದ್ದವು, ಮತ್ತೆ ಶುರು ಮಾಡುತ್ತಿದ್ದವು. ಪ್ರತಿ ಸಲವೂ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಜಾರಿ ಕೆಳಗಿನ ಆಯಿಲಿಗೆ ಸೇರುತ್ತಿತ್ತು. ಸುಡುವುದು ಅರ್ಧಕ್ಕೇ ನಿಲ್ಲುತ್ತಿದ್ದುದಕ್ಕೆ ಕಾರಣ, ಗಾಡಿಗಳು ಓಡಿದ್ದಕ್ಕಿಂತ ನಿಂತು ಗುರುಗುಟ್ಟಿದ್ದೇ ಹೆಚ್ಚು. ಬೇಸಿಗೆಯಲ್ಲಿ ಒಳಗಿನ ಔಷಧಿ, ಇಂಜೆಕ್ಷನ್ನುಗಳು ಬಿಸಿಗೆ ಕೆಡುತ್ತವೆಂದು ಸ್ಟ್ಯಾಂಡಿನಲ್ಲೂ ಎಂಜಿನ್ ಆರಿಸದೆ ಏಸಿ ಹಾಕಿಡಬೇಕು ಎಂಬ ಆದೇಶವಿತ್ತು. ಆದೇಶ ಕಾರ್ಯದರ್ಶಿಗಳದು. ಒಳ್ಳೆಯ ಉದ್ದೇಶದ್ದು. ಕೇಳಿದಾಗ ನನಗೂ ಸರಿಯೆನಿಸಿತ್ತು.

ಅಂದೇ ತೀರ್ಮಾನ ಮಾಡಬೇಕಿತ್ತು. ಎರಡು ಗಾಡಿಗಳನ್ನೂ ನಿಲ್ಲಿಸಿದರೆ ಟ್ರಸ್ಟಿನ ಬಳಿ ಗಾಡಿಯೇ ಇಲ್ಲ. ಓಡಲು ಬಿಟ್ಟರೆ ಕಡಕೊಳದಲ್ಲಿ ಆದದ್ದು ಮತ್ತೆಲ್ಲಿ ಆಗುತ್ತದೋ. ಆಯಿಲ್ ಬದಲಿಸಿದರೆ ಸಾಲದು, ಗಾಡಿಯನ್ನು ಶೆಡ್ಡಿನಲ್ಲೇ ನಿಲ್ಲಿಸಿ, ಉಪಕರಣ ಜೋಡಿಸಿ ಜಾಲರಿಯ ಮಸಿಯನ್ನು ಸುಡಿಸಬೇಕು, ಬೇರಿಂಗ್ ಬಿಚ್ಚಿ ನೋಡಬೇಕು. ಬೇರೆ ಆಂಬ್ಯುಲೆನ್ಸುಗಳಿಗೆ ಫೋನ್ ಮಾಡಿ ನಮ್ಮ ಕರೆಗಳನ್ನು ತೆಗೆದುಕೊಳ್ಳುವಂತೆ ಕೇಳಿಕೊಂಡೆ. ಆದಷ್ಟು ನೋಡುತ್ತೇವೆ ಎಂದರು. ನಾನು ಎರಡು ಗಾಡಿಗಳ ಕೀಲಿಯನ್ನೂ ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ.

ಗಾಡಿಗಳು ನಿಂತಿದ್ದಷ್ಟು ದಿನ ಆಫೀಸಿನ ಫೋನು ನನ್ನ ಪಕ್ಕದಲ್ಲೇ ಬಡಿದುಕೊಳ್ಳುತ್ತಿತ್ತು. ಬಹಳಷ್ಟು ಕರೆಗಳನ್ನು ಬೇರೆಯವರಿಗೆ ದಾಟಿಸಿದೆವು. ಒಂದು ಮಧ್ಯಾಹ್ನ ಎಲ್ಲೂ ಗಾಡಿ ಸಿಗಲಿಲ್ಲ. "ಅಪ್ಪಂಗೆ ಎದೆ ಹಿಡ್ಕೊಂಡಿದೆ, ಬೇಗ ಕಳಿಸಿ" ಎಂದು ಒಬ್ಬ ಹೆಂಗಸು ಕೂಗುತ್ತಿದ್ದರು. "ಗಾಡಿ ಇಲ್ಲಮ್ಮ, ಆಟೋದಲ್ಲಾದ್ರೂ ಹೊರಡಿ" ಎಂದೆ. ಶೆಡ್ಡಿನಲ್ಲಿ ಎರಡು ಗಾಡಿ ಕಣ್ಣೆದುರಿಗೇ ನಿಂತಿದ್ದವು. ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ. ಅವರಿಗೇನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಬಿಚ್ಚಿ ನೋಡಿದಾಗ ಒಂದು ಗಾಡಿಯ ಬೇರಿಂಗಿನಲ್ಲಿ ತಾಮ್ರ ಆಗಲೇ ಇಣುಕುತ್ತಿತ್ತು. ಇನ್ನೊಂದರದು ಚೆನ್ನಾಗೇ ಇತ್ತು. ಅದು ಇನ್ನೂ ಎಷ್ಟೋ ದಿನ ಓಡುತ್ತಿತ್ತು.

ನಾನು ವರದಿ ಬರೆಯುತ್ತಿದ್ದಾಗ ಸತ್ತ ಹೆಂಗಸಿನ ಗಂಡ ಶೆಡ್ಡಿಗೆ ಬಂದರು. ಸಣ್ಣ ವಯಸ್ಸು, ಟೈಲ್ಸ್ ಹಾಕುವ ಕೆಲಸ. ಬೆರಳ ಸಂದಿಯಲ್ಲಿ ಸಿಮೆಂಟ್ ಉಳಿದಿತ್ತು. ಯಾರಾದರೂ ತಡೆಯುತ್ತಾರೆ ಅಂದುಕೊಂಡಿದ್ದರೋ ಏನೋ, ಗೇಟಿನ ಬಳಿಯೇ ನಿಂತಿದ್ದರು. ಒಳಗೆ ಕರೆದೆ. ಎಂಜಿನ್ ತೋರಿಸಿ ಎಂದರು.

ತೋರಿಸಿದೆ. ಬೆಂದ ಬೇರಿಂಗನ್ನು ಕೈಗೆ ಕೊಟ್ಟೆ. ತಿರುಗುವ ಶಾಫ್ಟಿಗೂ ಇದಕ್ಕೂ ನಡುವೆ ಕೂದಲಿಗಿಂತ ತೆಳುವಾದ ಆಯಿಲಿನ ಪದರ ಇರುತ್ತದೆ, ಎರಡೂ ಒಂದನ್ನೊಂದು ಮುಟ್ಟದೆ ಆ ಪದರದ ಮೇಲೆ ತೇಲುತ್ತವೆ, ಡೀಸೆಲ್ ಸೇರಿ ಆಯಿಲ್ ನೀರಾದಾಗ ಪದರ ಹರಿದು ಲೋಹಕ್ಕೆ ಲೋಹ ತಗಲಿತು ಎಂದೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಅಸಹ್ಯವಾಯಿತು. ಹೆಂಡತಿ ಸತ್ತವನ ಮುಂದೆ ಆಯಿಲಿನ ಗ್ರೇಡು ಹೇಳುತ್ತಿದ್ದೆ.

ಆದರೆ ಅವರು ಕೇಳಿಸಿಕೊಂಡರು. "ಗಾರೆಗೆ ನೀರ್ ಜಾಸ್ತಿ ಆದ್ರೆ ಸತ್ವ ಇರಲ್ಲ. ನೋಡಕ್ ಬುಟ್ಟಿ ತುಂಬ ಇರ್ತದೆ. ಅಂಗಾ?"

"ಹಾಗೇ."

"ಅಂದ್ರೆ ಡ್ರೈವರ್ ಆಯಿಲ್ ನೋಡಿದ್ರು."

"ದಿನಾ ನೋಡಿದ್ದರು. ಹೆಚ್ಚಾಗಿದೆ ಅಂತ ಹೇಳಿಯೂ ಇದ್ದರು."

ಬೇರಿಂಗನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟರು. "ಮತ್ತ್ಯಾರ್ದು ತಪ್ಪು?"

ಎಂಜಿನ್ ಆರಿಸಬೇಡಿ ಎಂಬ ಆದೇಶದ ಬಗ್ಗೆ ಹೇಳಿದೆ. ಹೆಚ್ಚಾದ ಆಯಿಲನ್ನು ನಕ್ಕು ಬಿಟ್ಟದ್ದು ನಮ್ಮ ಶೆಡ್ಡಿನಲ್ಲೇ ಎಂದೂ ಹೇಳಿದೆ. ಅವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತ ಅಂದರು, "ಅವ್ರ ಕೈ ಮುರ್ದಿದ್ದು ನಾನೇ ಮೇಡಂ. ಬಿದ್ದಿದ್ರು. ಕಾಲಲ್ಲಿ ತುಳ್ದೆ."

ವರದಿಯನ್ನು ಒಂಟಿಕೊಪ್ಪಲಿಗೆ ತೆಗೆದುಕೊಂಡು ಹೋದೆ. ಕಾರ್ಯದರ್ಶಿಗಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅವರ ಮನೆಯವರು ತಂದಿಟ್ಟ ಕಾಫಿ ಆರಿತು.

"ಆದೇಶದ ವಿಷಯ ಬರಲೇಬೇಕೇನಮ್ಮ? ತಾಂತ್ರಿಕ ದೋಷ ಅಂದ್ರೆ ಸಾಲದೇ?"

"ದೋಷ ಗಾಡೀದಲ್ಲ ಸರ್. ತಾಂತ್ರಿಕ ದೋಷ ಅಂತ ಬರೆದ್ರೆ ನಾಳೆ ಅದು ಮತ್ತೆ ಡ್ರೈವರ್ ತಲೆ ಮೇಲೇ ಬರುತ್ತೆ."

"ಔಷಧಿ ಕೆಡಬಾರದು ಅಂತ ಹೇಳಿದೆ ನಾನು," ಎಂದರು. ನನಗೆ ಹೇಳಿದಂತಿರಲಿಲ್ಲ. ಹಾಳೆಗಳನ್ನು ಜೋಡಿಸಿ, "ಒಂದು ಪ್ರತಿ ಪೊಲೀಸರಿಗೂ ಕೊಡಿ" ಎಂದು ಹಿಂದಿರುಗಿಸಿದರು. ಮುಂದಿನ ತಿಂಗಳು ಅವರು ಟ್ರಸ್ಟ್ ಬಿಟ್ಟರು. ಸ್ಟ್ಯಾಂಡಿನಲ್ಲಿ ಔಷಧಿಯನ್ನು ಕರೆಂಟಿನಲ್ಲಿ ತಂಪಾಗಿಡುವ ಬೇರೆ ಪೆಟ್ಟಿಗೆ ಬಂತು, ಎಂಜಿನ್ ಆರಿಸತೊಡಗಿದರು. ಡಿಪ್‌ಸ್ಟಿಕ್ ಮೇಲಿನ ಗೆರೆ ದಾಟಿದರೆ ಗಾಡಿ ಹೊರಡಕೂಡದು ಎಂಬ ನಿಯಮ ಮಾಡಿದೆ. ಮೆಕ್ಯಾನಿಕ್ ಈಗಲೂ ಗಟ್ಟಿ ಆಯಿಲೇ ಒಳ್ಳೆಯದು ಅನ್ನುತ್ತಾರೆ.

ಚಾಲಕನ ಮೇಲಿನ ಕೇಸು ಕೈಬಿಟ್ಟ ಸುದ್ದಿ ಬಂದ ಮೇಲೆ ಆ ಗಂಡ ಫೋನ್ ಮಾಡಿ, ಡ್ರೈವರನ್ನು ಒಂದು ಸಲ ನೋಡಬೇಕು, ಒಬ್ಬನೇ ಹೋಗಲು ಧೈರ್ಯವಿಲ್ಲ ಎಂದರು. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಅಶೋಕಪುರಂಗೆ ಹೋದೆವು. ಬಾಗಿಲು ತೆಗೆದದ್ದು ಚಾಲಕನೇ. ಪ್ಲಾಸ್ಟರ್ ತೆಗೆದಿದ್ದರು, ಆದರೆ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಮತ್ತೆ ಗಾಡಿಗೆ ಬಾ ಎಂದು ನಾನು ಕರೆದಾಗ ಆ ಕೈಯನ್ನೇ ಎತ್ತಿ ತೋರಿಸಿದ್ದ.

ಬಂದವರು ಯಾರೆಂದು ಅವನಿಗೆ ನಾನು ಹೇಳಬೇಕಾಗಲಿಲ್ಲ. ಕಂಡ ಕೂಡಲೇ ಅವನ ಭುಜ ಹಿಂದಕ್ಕೆ ಸರಿದು ಬಾಗಿಲ ಚೌಕಟ್ಟಿಗೆ ತಾಗಿತು.

"ಹೊಡ್ದಿದ್ದು ನಾನು," ಎಂದರು ಗಂಡ.

"ಗೊತ್ತು."

"ತಪ್ಪಾಯ್ತು ಅಣ್ಣ. ನಿಮ್ದೇನೂ ಇಲ್ಲ ಅಂತ ಮೇಡಂ ಎಲ್ಲ ಹೇಳಿದ್ರು."

ಒಳಗೆ ಚಾಲಕನ ತಾಯಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ್ದರು. ಅವನು ರಸ್ತೆಯ ಕಡೆ ನೋಡುತ್ತಲೇ ಕೇಳಿದ, "ಮಗೂನ ಆಸ್ಪತ್ರೇಲೇ ಬುಟ್ಟು ಬಂದಿದ್ವಿ. ಆಯಮ್ಮ ದಾರಿ ಉದ್ದಕ್ಕೂ ಅದ್ನೇ ಕೇಳ್ತಿತ್ತು. ಆಲು ಕುಡೀತದಾ ಈಗ?"

"ಕುಡೀತದೆ. ಬಾಟ್ಲೀಲಿ."

"ಸರಿ," ಎಂದ ಚಾಲಕ. ಒಳಗೆ ಬನ್ನಿ ಎನ್ನಲಿಲ್ಲ. ಎಡಗೈಯಲ್ಲಿ ಬಾಗಿಲು ಮುಂದಕ್ಕೆ ಎಳೆದು, ಮೆಲ್ಲಗೆ ಮುಚ್ಚಿಕೊಂಡ.